ಎದ್ದರೆ, ಎದ್ದರೇ

ನಮ್ಮ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವರು. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು 'ಆದರೆ ಮೇಡಂ'. ಬಾಯಿ ತೆರೆದರೆ 'ಹೀಗೆ ಆದರೆ ಹಾಗೆ' ಎನ್ನುತ್ತಾರೆಂದು. ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಜಾರೇನಿರಲಿಲ್ಲ. "ಆ ಪದಕ್ಕೆ ಎರಡು ಅರ್ಥ ಇದೆ ಕಣೆ, ಯಾವ ಅರ್ಥದಲ್ಲಿ ಇಟ್ಟಿದಾರೆ ಅಂತ ಕೇಳಿದ್ರೆ ಒಬ್ಬರಿಗೂ ಗೊತ್ತಿಲ್ಲ" ಎಂದು ನಗುತ್ತಿದ್ದರು. ಆ ನಗು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಇಷ್ಟು ಬುದ್ಧಿ ಇರುವ ಹೆಂಗಸು ಒಂದೇ ಒಂದು ಮಾತಿಗೆ ಸಿಕ್ಕಿಹಾಕಿಕೊಂಡು ವರ್ಷಗಟ್ಟಲೆ ಕೂತಲ್ಲೇ ಕೂತದ್ದನ್ನು ಕಣ್ಣಾರೆ ಕಂಡವಳು ನಾನು.

ಮೊದಲು ಮನೆ ಹೇಗಿದೆ ಹೇಳಿಬಿಡುತ್ತೇನೆ. ಕೆಳಗೆ ಅಚ್ಚುಮನೆ, ಮೇಲೆ ನಾವು. ಮೂರು ಕೋಣೆ, ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಬೀದಿ ಕಡೆಯದರಲ್ಲಿ ನನ್ನ ಹೊಲಿಗೆ ಯಂತ್ರ, ನಮ್ಮ ಮಂಚ, ಗಿರಾಕಿಗಳ ಬಟ್ಟೆಯ ಗಂಟು. ಹಿಂದಿನದು ಅಡುಗೆಮನೆ, ಅದಕ್ಕೆ ಅಂಟಿದ ಬಚ್ಚಲು. ನಡುವಿನದರಲ್ಲಿ ಅತ್ತೆ. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರು ಎದ್ದು ನಡೆದವರಲ್ಲ. ಅತ್ತಿಗೆಯ ಮಂಚವೂ ಅದೇ ಕೋಣೆಯಲ್ಲಿ, ಅಮ್ಮನ ಮಂಚದ ಮಗ್ಗುಲಿಗೆ. ನೀರು ಕುಡಿಯಲು ಹೋಗುವವರೂ ಕೆಲಸಕ್ಕೆ ಹೊರಡುವವರೂ ಆ ಎರಡು ಮಂಚಗಳ ಮಧ್ಯೆ ಓರೆಯಾಗಿ ತೂರಿಕೊಂಡೇ ಹೋಗಬೇಕು. ಕೋಣೆಗೆ ಒಂದೇ ಕಿಟಕಿ. ಯಾವಾಗಲೋ ಬಣ್ಣ ಬಳಿದಾಗ ಬಾಗಿಲು ಚೌಕಟ್ಟಿಗೆ ಅಂಟಿಕೊಂಡದ್ದು, ಆಮೇಲೆ ಯಾರೂ ತೆಗೆದಿಲ್ಲ. ಕೆಳಗೆ ಯಂತ್ರ ಓಡುವಾಗ ಅದರ ಗಾಜು ಗಡಗಡ ಎನ್ನುತ್ತದೆ. ಇಂಕಿನ ವಾಸನೆ ಮೆಟ್ಟಿಲು ಹತ್ತಿ ಬಂದು ಅಲ್ಲೇ ನಿಲ್ಲುತ್ತದೆ.

ಮಾವನನ್ನು ನಾನು ನೋಡಿದವಳಲ್ಲ. ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಕೆಳಗಿನ ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸ ಅವರದು. ಮನೆಯವರ ಮಾತೂ ಅವರಿಗೆ ಕರಡಿನ ಹಾಗೆಯೇ ಕಾಣುತ್ತಿತ್ತಂತೆ. ಹ್ರಸ್ವಕ್ಕೆ ಅವರು 'ಗಿಡ್ಡ' ಎನ್ನುತ್ತಿದ್ದರು. ಊಟಕ್ಕೆ ಕೂತಲ್ಲೂ 'ಅಲ್ಲಿ ಗಿಡ್ಡ, ಇಲ್ಲಿ ದೀರ್ಘ' ಎಂದು ಮಕ್ಕಳ ಬಾಯಿ ತಿದ್ದುವುದು. ನನ್ನ ಗಂಡ ಮಾತೇ ಕಡಿಮೆ ಮಾಡಿಕೊಂಡದ್ದು ಅದಕ್ಕೇ ಇರಬೇಕು. ಬಸ್ ಡಿಪೋದಲ್ಲಿ ವೈರಿಂಗ್ ಕೆಲಸ ಮಾಡುವ ಈ ಮನುಷ್ಯ ಎಲ್ಲದಕ್ಕೂ ಹೇಳುವುದು 'ನೋಡೋಣ'. ಅದರಲ್ಲಿ ಗಿಡ್ಡ ತಪ್ಪಿದರೂ ದೀರ್ಘ ತಪ್ಪಿದರೂ ಯಾರಿಗೂ ನಷ್ಟವಿಲ್ಲ.

ಸಂಜೆ ಅತ್ತಿಗೆ ಮರುದಿನದ ಪಾಠವನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುವ ಪದ್ಧತಿ. ಮಂಚದ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲೆ ಮಕ್ಕಳ ಸ್ಲೇಟು ಇಟ್ಟುಕೊಂಡು ಶುರುಮಾಡುವರು. ಕೇಳುವವರು ಇಬ್ಬರು, ಪಕ್ಕದ ಮಂಚದಲ್ಲಿ ಅತ್ತೆ, ಬಾಗಿಲಾಚೆ ಹೊಲಿಯುತ್ತಾ ನಾನು. ಅತ್ತೆ ಕೇಳಿಸಿಕೊಳ್ಳುತ್ತಿದ್ದರೋ ತೂಕಡಿಸುತ್ತಿದ್ದರೋ ಹೇಳುವುದು ಕಷ್ಟ. ನಾನಂತೂ ನಡುನಡುವೆ ಬಾಯಿ ಹಾಕದೆ ಬಿಡುತ್ತಿರಲಿಲ್ಲ.

"ನಿಜ ಅಥವಾ ಸುಳ್ಳು ಅನ್ನೋಕೆ ಆಗೋ ಮಾತು ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತೆ" ಎನ್ನುವರು. "'ಕಿಟಕಿ ಮುಚ್ಚಿದೆ'. ಇದು ನಿಜ ಇರಬಹುದು, ಸುಳ್ಳಿರಬಹುದು, ಎದ್ದು ಹೋಗಿ ನೋಡಿದ್ರೆ ಗೊತ್ತಾಗುತ್ತೆ. 'ಕಿಟಕಿ ತೆಗಿ' ಅಂದ್ರೆ? ನಿಜಾನೂ ಅಲ್ಲ, ಸುಳ್ಳೂ ಅಲ್ಲ. ಬರೀ ಅಪ್ಪಣೆ. ಅದನ್ನ ಪಕ್ಕಕ್ಕಿಡಿ."

"ಬೇರೆ ಉದಾಹರಣೆ ಇಲ್ವೇನೆ ನಿಂಗೆ? ಪ್ರತಿ ವರ್ಷ ಅದೇ ಕಿಟಕಿ" ಎಂದು ಅತ್ತೆ ಗೋಡೆ ಕಡೆ ಮುಖ ತಿರುಗಿಸಿದ್ದು ಒಮ್ಮೆ ಅಲ್ಲ, ಎಷ್ಟೋ ಸಲ.

"ಅತ್ತಿಗೆ, 'ನಾಳೆ ಬಂದು ಬಟ್ಟೆ ತಗೊಂಡು ಹೋಗ್ತೀನಿ' ಅಂತಾರಲ್ಲ ಗಿರಾಕಿಗಳು, ಅದು?" ಎಂದು ನಾನು.

"ಅದು ಲೆಕ್ಕಕ್ಕೆ ಬರುತ್ತೆ. ನಿಜಾನೋ ಸುಳ್ಳೋ ನಾಳೆ ಗೊತ್ತಾಗುತ್ತೆ."

"ನಂಗೆ ಇವತ್ತೇ ಗೊತ್ತು."

ಆಮೇಲೆ ಮಾತಿಗೆ ಮಾತು ಕಟ್ಟುವ ಪಾಠ. 'ಮತ್ತು' ಎಂದರೆ ಎರಡೂ ನಿಜವಾಗಬೇಕು. 'ಅಥವಾ' ಎಂದರೆ ಒಂದಾದರೂ ಸಾಕು. 'ಆದರೆ' ಎಂದು ನಾವು ಎಳೆದಾಡುತ್ತೇವಲ್ಲ, 'ಮನೆ ಚಿಕ್ಕದು ಆದರೆ ಗಾಳಿ ಚೆನ್ನಾಗಿದೆ' ಎಂದು, ಅದು ಅವರ ಶಾಸ್ತ್ರದಲ್ಲಿ 'ಮತ್ತು' ಅಷ್ಟೆ. ಚಿಕ್ಕದೂ ಹೌದು, ಗಾಳಿಯೂ ಹೌದು. ಆಮೇಲೆ ಬರುವ ಕೊರಗು, ಸಮಾಧಾನ, ನೆಪ ಎಲ್ಲ ನಮ್ಮದು, ಮಾತಿನದಲ್ಲ. ಇದನ್ನು ಕೇಳಿದ ದಿನ ನನಗೆ ಬಹಳ ಹಿಡಿಸಿತು.

ಎಲ್ಲಕ್ಕಿಂತ ಹೊತ್ತು ಹಿಡಿಯುತ್ತಿದ್ದದ್ದು ಬಾಣದ ಪಾಠ. ಮಾತಿನ ಕೊನೆಗೆ 'ರೆ' ಬಂದಲ್ಲಿ ಸ್ಲೇಟಿನ ಮೇಲೆ ಒಂದು ಬಾಣ. "ಈ ಕೋಟು ಇವತ್ತು ಮುಗಿಸಿದರೆ ನಿಂಗೆ ಟೀ ಮಾಡಿಕೊಡ್ತೀನಿ ಅಂದೆ ಅಂತಿಟ್ಕೋ. ನೀನು ಮುಗಿಸಿದೆ, ನಾನು ಟೀ ಕೊಡಲಿಲ್ಲ. ಆಗ ನಾನು ಮಾತು ತಪ್ಪಿದೆ. ನೀನು ಮುಗಿಸಲೇ ಇಲ್ಲ. ಆಗ?"

"ಟೀ ಇಲ್ಲ, ಮತ್ತೇನು."

"ಹಾಗೆ ನಾನೆಲ್ಲಿ ಅಂದೆ? ಮುಗಿಸದಿದ್ರೂ ಟೀ ಕೊಡಬಹುದು, ಕೊಡದೇ ಇರಬಹುದು. ಎರಡರಲ್ಲೂ ನಾನು ಮಾತು ತಪ್ಪಲಿಲ್ಲ. ಹೊಸಬರು ಬೀಳೋ ಮೊದಲನೇ ಗುಂಡಿ ಇದೇ ನೋಡು. 'ಮುಗಿಸಿದರೆ' ಅಂದ್ರೆ 'ಮುಗಿಸದಿದ್ರೆ ಇಲ್ಲ' ಅಂತ ತಾವೇ ಸೇರಿಸ್ಕೋತಾರೆ."

"ಹಾಗಿದ್ರೆ ಮುಗಿಸದಿದ್ರೆ ಇಲ್ಲ ಅನ್ನೋದಕ್ಕೆ ಏನನ್ನಬೇಕು?"

"'ಮುಗಿಸಿದರೇ'. ಒಂದು ದೀರ್ಘ ಬಿತ್ತು ಅಂದ್ರೆ ಬಾಣ ತಿರುಗಿ ನಿಲ್ಲುತ್ತೆ. ಕೋಟು ಮುಗೀದೆ ಟೀ ಇಲ್ಲವೇ ಇಲ್ಲ." ಹೀಗೆಂದು 'ರೆ'ಯ ಪಕ್ಕಕ್ಕೆ ಆ ದೀರ್ಘದ ಬಾಲ ಎಳೆದು, ತಕ್ಷಣ ಅಂಗೈಯಲ್ಲಿ ಒರೆಸಿಬಿಡುವರು. ಉಳಿದದ್ದೆಲ್ಲ ಸ್ಲೇಟಿನ ಮೇಲೆ ಬೆಳಗಿನವರೆಗೂ ಇರುತ್ತಿತ್ತು, ಇದೊಂದು ಮಾತ್ರ ಇರುತ್ತಿರಲಿಲ್ಲ. ನಾನು ಅದನ್ನು ಕಂಡೂ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ವಿಷಯ ಹೇಳಬೇಕು. ಅತ್ತಿಗೆ ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ಕಿಲುಬು ಕಾಸಿನ ಬೆಲೆಯಿರಲಿಲ್ಲ. ಬೇರೆ ಯಾವುದಕ್ಕೂ ಸೀಟು ಸಿಗದವರು ಬಂದು ಕೂರುವ ಕ್ಲಾಸು ಅದು. ಒಂದೇ ಪತ್ರಿಕೆ, ಅದೂ ಪರಿಚಯದ ಮಟ್ಟದ್ದು. ಬಾಣ ಬಿಡಿಸುವಷ್ಟರಲ್ಲಿ ವರ್ಷ ಮುಗಿಯಿತು, ಹೊಸಬರು ಬಂದರು, ಮತ್ತೆ 'ಕಿಟಕಿ ಮುಚ್ಚಿದೆ'. ಇದರ ಮುಂದೆ ಏನೇನಿದೆ ಎಂದು ಅವರು ಹೇಳಲು ಹೊರಟರೆ ಕಣ್ಣು ಬೇರೆಯೇ ಆಗುತ್ತಿತ್ತು. ಒಂದು ಮಾತು ಸತ್ಯ ಎಂದು ಗೊತ್ತಿದ್ದರೂ ಸಾಧಿಸಲು ಆಗದೇ ಇರಬಹುದು, ಹಾಗೆ ಸಾಧಿಸಲು ಆಗುವುದಿಲ್ಲ ಎಂಬುದನ್ನು ಬೇಕಾದರೆ ಸಾಧಿಸಬಹುದು, ಅಂಥದ್ದೆಲ್ಲ. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಆದರೂ ಯಂತ್ರ ನಿಲ್ಲಿಸಿ ಕೇಳುತ್ತಿದ್ದೆ. ಹೇಳುತ್ತಾ ಹೇಳುತ್ತಾ ಅವರೇ ನಿಲ್ಲಿಸಿ, "ಇರಲಿ ಬಿಡು, ಇದನ್ನ ಇಲ್ಲಿ ಯಾರಿಗೆ ಹೇಳಲಿ" ಎಂದು ಅತ್ತೆಯ ಮಗ್ಗುಲು ಬದಲಿಸಲು ಏಳುವರು.

ಹೀಗಿರುವಾಗ ಆ ಫೋನು ಬಂತು. ಹಿಂದೆ ಅವರ ಜೊತೆ ಓದಿದ ಗೆಳತಿ ಈಗ ದೂರದ ಊರಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥೆ. ಅಲ್ಲಿ ತರ್ಕಶಾಸ್ತ್ರಕ್ಕೇ ಒಂದು ಹೊಸ ತರಗತಿ ತೆರೆಯುತ್ತಿದ್ದಾರೆ, ಮುಂದಿನದನ್ನೆಲ್ಲ ಕಲಿಸಲು ಜನ ಬೇಕು, ನೀನು ಬಾ ಎಂದು. ಅತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ನಿಂತು ಮಾತಾಡಿದ್ದು ನನಗೆ ಕೇಳಿಸಿತು. "ಇಲ್ಲ ಕಣೆ, ಅಮ್ಮ ಇನ್ನೂ ಎದ್ದಿಲ್ಲ" ಎಂದರು, ಅಮ್ಮ ಬೆಳಗಿನ ನಿದ್ದೆಯಿಂದ ಇನ್ನೂ ಎದ್ದಿಲ್ಲ ಎನ್ನುವಷ್ಟು ಸಲೀಸಾಗಿ. ಆ ಗೆಳತಿ ಬಿಡಲಿಲ್ಲ. ಸೋಮವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಹೇಳುತ್ತೇನೆ ಎಂದರಂತೆ.

ಭಾನುವಾರ ಮಧ್ಯಾಹ್ನ ಎಲ್ಲರೂ ನಡುವಿನ ಕೋಣೆಯಲ್ಲೇ ತಟ್ಟೆ ಹಿಡಿದು ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ನೀವು ಯಾಕೆ ಹೋಗಬಾರದು? ಅತ್ತೆ ಮಲಗಿದಾರೆ, ಆದರೆ ನಾನಿದೀನಿ. 'ಆದರೆ' ಅಂದ್ರೆ 'ಮತ್ತು' ಅಂತ ನೀವೇ ಹೇಳಿದೀರಿ. ಎರಡೂ ನಿಜ. ಈಗ್ಲೂ ಅರ್ಧ ಕೆಲಸ ನಾನೇ ಮಾಡ್ತಿಲ್ವಾ? ನಾನೇನು ಗೋಡೆಗೆ ಹೊಡೆದ ಮೊಳೆನಾ?"

"ಅದಲ್ಲ ಕಣೆ. ಅಪ್ಪ ಮಾತು ಹೇಳಿ ಹೋಗಿದಾರೆ."

"ಏನು ಮಾತು?"

ಇಷ್ಟು ವರ್ಷಕ್ಕೆ ಮೊದಲ ಸಲ ಅವರು ಅದನ್ನು ಪೂರ್ತಿ ಹೇಳಿದರು. ಮಾವ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗಲೂ ಇಂಥದ್ದೇ ಒಂದು ಕರೆ ಬಂದಿತ್ತಂತೆ. ಅತ್ತೆ ಆಗಲೇ ಸೊಂಟ ಮುರಿದುಕೊಂಡು ಗಾಲಿಕುರ್ಚಿಯಲ್ಲಿದ್ದರು. ಆ ಕುರ್ಚಿಯನ್ನು ಮಾವನ ತಲೆಯ ಹತ್ತಿರ ತಂದು ನಿಲ್ಲಿಸಿ, ಅತ್ತಿಗೆ ಕಾಲ ಕಡೆ ನಿಂತು ಕೇಳಿದರು, ಅಪ್ಪಾ ನಾನು ಹೋಗಲಾ ಎಂದು. ಮೂಗು ಬಾಯಿಗೆ ಆಮ್ಲಜನಕದ ಮಾಸ್ಕು. ಮಾವ ಏನೋ ಗೊಣಗಿದರು. ಅತ್ತೆ ಕಿವಿ ಇಟ್ಟು ಕೇಳಿ ಇತ್ತ ತಿರುಗಿ ಹೇಳಿದರು: ನಿಮ್ಮಮ್ಮ ಎದ್ದರೇ ಹೋಗು ಅಂತಿದಾರೆ. ಆಮೇಲೆ ಸ್ವಲ್ಪ ಹೊತ್ತಿಗೆ ಮಾವ ಹೋಗಿಬಿಟ್ಟರು.

"ಎದ್ದರೆ ಅಂದ್ರಾ, ಎದ್ದರೇ ಅಂದ್ರಾ?" ಎಂದೆ. ನನಗೂ ಅಷ್ಟು ವರ್ಷದ ಪಾಠ ಸುಮ್ಮನೆ ಹೋಗಿರಲಿಲ್ಲ.

"ಎದ್ದರೇ. ದೀರ್ಘ."

"ನಿಮ್ಮ ಕಿವಿಗೆ ಕೇಳಿಸ್ತಾ?"

"ನಂಗೆ ಗೊಣಗಿದ್ದು ಕೇಳಿಸ್ತು. ಅಮ್ಮ ಹಾಗೆ ಹೇಳಿದ್ರು. ಅಪ್ಪ ದೀರ್ಘ ತಪ್ಪೋ ಮನುಷ್ಯ ಅಲ್ಲ."

ನನ್ನ ತಲೆ ಸಿಡಿದುಹೋಯಿತು. "ಗಿಡ್ಡ ಆಗಿದ್ರೆ ನೀವು ಅವತ್ತೇ ಹೋಗಬಹುದಿತ್ತು. ಎದ್ದರೆ ಹೋಗು ಅಂದ್ರೆ ಏಳದಿದ್ರೆ ಬೇಡ ಅಂತಲ್ಲ, ನಿಮ್ಮ ಟೀ ಕೋಟು ಎಲ್ಲ ಅದೇ ತಾನೆ? ಒಂದು ಬಾಲಕ್ಕೆ ನಿಮ್ಮ ಇಡೀ ಬಾಳು ಕಟ್ಟಿಹಾಕಿಕೊಂಡಿದೀರಲ್ಲ ಅತ್ತಿಗೆ. ಅತ್ತೆ, ನೀವೇ ಹೇಳಿ. ಮಾವ ಹೇಳಿದ್ದು ಗಿಡ್ಡಾನೋ ದೀರ್ಘಾನೋ?"

ಅತ್ತೆ ಚಮಚ ತಟ್ಟೆಯಲ್ಲಿಟ್ಟರು. "ನಂಗೆ ನಿದ್ದೆ ಬರ್ತಿದೆ" ಎಂದು ಕಣ್ಣು ಮುಚ್ಚಿದರು.

"ಅವರನ್ನ ಯಾಕೆ ಎಳೀತೀಯಾ?" ಅತ್ತಿಗೆ ನನ್ನ ಮೇಲೆ ಜೋರು ಮಾಡಿದ್ದು ಅದೊಂದೇ ಸಲ. "ಏಳೋಕಾಗದವರ ಮುಂದೆ ಎದ್ದರೆ ಎದ್ದರೇ ಅಂತ ಚರ್ಚೆ ಮಾಡೋದು ಅಸಹ್ಯ. ತಟ್ಟೆ ತೆಗಿ."

"ನೋಡೋಣ" ಎಂದು ನನ್ನ ಗಂಡ ಎಲ್ಲರ ತಟ್ಟೆ ಎತ್ತಿಕೊಂಡು ಹೋದ. ನಾನು ಆ ದಿನ ಯಾರ ಜೊತೆಗೂ ಮಾತಾಡದೆ ಯಾರದೋ ಷರಟಿಗೆ ಕಾಲರು ತಿರುಗುಮುರುಗಾಗಿ ಹೊಲಿದು ಬಿಚ್ಚಿದೆ.

ಸೋಮವಾರ ಬೆಳಿಗ್ಗೆ ಅತ್ತಿಗೆ ಎಂದಿನಂತೆ ಅಮ್ಮನ ಮುಖ ಒರೆಸಿ, ಮಾತ್ರೆ ಕೊಟ್ಟು, ಹಾಸಿಗೆ ಸರಿಮಾಡಿ, ಚಪ್ಪಲಿ ಮೆಟ್ಟಿದರು. ಸ್ಲೇಟು ಚೀಲಕ್ಕೆ ಹಾಕಿಕೊಂಡು ಮಂಚಗಳ ಮಧ್ಯೆ ಓರೆಯಾಗಿ ಬರುತ್ತಿದ್ದರು. ಆಗ ಅತ್ತೆ ಹೇಳಿದರು, "ಗಿಡ್ಡ."

"ಏನಮ್ಮ?"

"ನಿಮ್ಮಪ್ಪ ಹೇಳಿದ್ದು ಗಿಡ್ಡ. ಎದ್ದರೆ ಹೋಗು ಅಂದಿದ್ದು. ನನ್ನ ಬಾಯಲ್ಲಿ ಎಳೆದು ಬಂತು. ನಾನೇನು ಕರಡು ತಿದ್ದೋಳಾ?"

ಕೆಳಗೆ ಯಂತ್ರ ಶುರುವಾಗಿತ್ತು, ಗಾಜು ಗಡಗಡ ಎನ್ನುತ್ತಿತ್ತು. ಅತ್ತಿಗೆ ಹಾರಿ ಕುಣಿಯುತ್ತಾರೆಂದು ನಾನು ಬಾಗಿಲಲ್ಲಿ ಬಂದು ನಿಂತೆ. ಅವರು ಮಂಚದ ತುದಿಯಲ್ಲಿ ಕೂತು, ಚೀಲದಿಂದ ಸ್ಲೇಟು ತೆಗೆದು ಬರೆಯತೊಡಗಿದರು. ಎದ್ದರು, ಹೋದೆ. ಎದ್ದರು, ಹೋಗಲಿಲ್ಲ. ಏಳಲಿಲ್ಲ, ಹೋದೆ. ಅಲ್ಲಿಗೆ ಬಂದು ಕೈ ನಿಂತಿತು. ಎಷ್ಟೋ ವರ್ಷಗಳಿಂದ ಹೊಸಬರಿಗೆ ತೋರಿಸಿ ತೋರಿಸಿ ಸವೆದ ಸಾಲು ಅದು.

"ಸುಳ್ಳಾಗಲ್ಲ" ಎಂದರು. "ನಾನು ಹೋಗಿದ್ರೂ ಅಪ್ಪನ ಮಾತು ಸುಳ್ಳಾಗ್ತಿರಲಿಲ್ಲ. ಹಾಗಾದ್ರೆ ಇಷ್ಟು ವರ್ಷ ನನ್ನನ್ನ ಯಾರೂ ಹಿಡಿದೇ ಇರಲಿಲ್ವಾ?"

ಅತ್ತಿಗೆ ಅತ್ತರು. ಸಂತೋಷಕ್ಕಲ್ಲ, ಅಷ್ಟು ನನಗೆ ಗೊತ್ತು. ಬೀಗವೇ ಹಾಕಿರದ ಬಾಗಿಲ ಮುಂದೆ ತಲೆ ನರೆಯುವವರೆಗೆ ಕೂತಿದ್ದೆ ಎಂದು ಗೊತ್ತಾದರೆ ಯಾರಿಗೆ ಸಂತೋಷವಾದೀತು? ಆಮೇಲೆ ಮುಖ ತೊಳೆದು, ಅಡುಗೆಮನೆಯ ಮೂಲೆಗೆ ಹೋಗಿ ಫೋನು ಮಾಡಿದರು.

ಅವರು ಹೊರಡುವ ಮೊದಲು ನಾನೊಂದು ಕೋಟು ಹೊಲಿದುಕೊಟ್ಟೆ, ಬಳಪ ಇಟ್ಟುಕೊಳ್ಳಲು ಒಳಗೊಂದು ಜೇಬು ಇಟ್ಟು. ಮೆಟ್ಟಿಲಿಳಿಯುವಾಗ ಅವರು ಹಿಂತಿರುಗಿ ಟೀ ಬಾಕಿ ಇದೆ ಎಂದರು. ಅವರ ಮಂಚವನ್ನು ನನ್ನ ಗಂಡ ಬಿಚ್ಚಿ ಅಟ್ಟಕ್ಕೆ ಏರಿಸಿದ. ನಡುವಿನ ಕೋಣೆ ಅಗಲವಾಯಿತು, ಈಗ ನೇರವಾಗಿ ನಡೆಯಬಹುದು. ನಡೆಯುವವಳು ಮಾತ್ರ ನಾನೊಬ್ಬಳೇ, ದಿನಕ್ಕೆ ಎಷ್ಟೋ ಸಲ. ಮಗ್ಗುಲು ಬದಲಿಸಲು, ನೀರು ಕೊಡಲು, ಬಟ್ಟೆ ಬದಲಿಸಲು. ಗಿರಾಕಿ ಬಂದು ಅಳತೆ ಕೊಡುತ್ತಿದ್ದಾಗಲೇ ಒಳಗೆ ಅತ್ತೆಯ ಕೈಗೆ ಕೊಟ್ಟಿರುವ ಗಂಟೆ ಅಲ್ಲಾಡುತ್ತದೆ. ಬಾಯಿ ಬಿಟ್ಟು ನಾನಿದೀನಿ ಅಂದವಳು ನಾನೇ. ಯಾರ ಮೇಲೆ ರೇಗಲಿ? ಒಮ್ಮೊಮ್ಮೆ ಕೋಣೆ ದಾಟುವಾಗ, ಅಡ್ಡ ಮಂಚವಿಲ್ಲದಿದ್ದರೂ, ಅಭ್ಯಾಸಕ್ಕೆ ಓರೆಯಾಗುತ್ತೇನೆ.

ಒಂದು ಮಧ್ಯಾಹ್ನ ಕೆಳಗೆ ಯಂತ್ರ ಕೆಟ್ಟು ನಿಂತಿತ್ತು. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದೇ ಇಲ್ಲ. ನಾನು ಅತ್ತೆಯ ಬೆನ್ನಿಗೆ ಪುಡಿ ಹಚ್ಚುತ್ತಿದ್ದೆ.

"ಆ ಕಿಟಕಿ ತೆಗಿಯೇ" ಎಂದರು.

"ಬಣ್ಣ ಅಂಟಿಕೊಂಡಿದೆ ಅತ್ತೆ, ಬರಲ್ಲ."

"ಅವರೂ ಅದನ್ನೇ ಕೇಳಿದ್ದು."

"ಯಾರು?"

"ನಿಮ್ಮ ಮಾವ. ಅವತ್ತು ಆಸ್ಪತ್ರೇಲಿ. ನಾನು ಕಿವಿ ಇಟ್ಟೆನಲ್ಲ, ಆಗ. 'ಕಿಟಕಿ ತೆಗಿ' ಅಂದ್ರು. ಅಷ್ಟೇ."

"ಮತ್ತೆ ಎದ್ದರೆ ಹೋಗು ಅಂತ?"

"ಗಿಡ್ಡಾನೂ ನಂದೇ, ದೀರ್ಘಾನೂ ನಂದೇ" ಎಂದರು. ಗೋಡೆಗೆ ಮುಖ ಮಾಡಿದ್ದರಿಂದ ನನಗೆ ಕಾಣುತ್ತಿದ್ದದ್ದು ಬೆನ್ನು ಮಾತ್ರ. "ಅವಳು ಹೋಗಲಾ ಅಂತ ನಿಂತಿದ್ಲು. ನಿನ್ನ ಗಂಡ ಆಗ ತಂತಿ ಎಳೆಯೋ ಕೆಲಸಕ್ಕೆ ಊರೂರು ಅಲೀತಿದ್ದ. ಅವರೂ ಹೊರಟಿದ್ರು. ಸೊಂಟ ಮುರಿದೋಳು ನಾನು, ಇನ್ಯಾರಿದ್ರು ನಂಗೆ? ಹೆದರಿಕೆ ಆಯ್ತು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಅವರ ಹೆಸರಲ್ಲಿ ಹೇಳಿದ್ರೆ ಅವಳು ಮೀರಲ್ಲ ಅಂತ ಗೊತ್ತಿತ್ತು."

"ಕಿಟಕಿ ತೆಗೆದ್ರಾ ಅವತ್ತು?"

"ಅವರು ಕೇಳಿದ್ದು ನಂಗೊಬ್ಬಳಿಗೇ ಗೊತ್ತಿದ್ದದ್ದು. ನಾನು ಹೇಳಲಿಲ್ಲ. ಇನ್ಯಾರು ತೆಗೀತಾರೆ?"

ನನಗೆ ಬಂದ ಕೋಪಕ್ಕೆ ಆ ಪುಡಿಯ ಡಬ್ಬಿಯನ್ನು ಗೋಡೆಗೆ ಎಸೆಯಬೇಕಿತ್ತು. ಎಸೆಯಲಿಲ್ಲ. ಹೋಗಿ ಗಂಡನ ಪೆಟ್ಟಿಗೆಯಿಂದ ಉಳಿ ಸುತ್ತಿಗೆ ತಂದು, ಚೌಕಟ್ಟಿನ ಸುತ್ತ ಬಣ್ಣ ಕೆತ್ತತೊಡಗಿದೆ. ಒಣಗಿದ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಹಾಸಿಗೆಯ ಮೇಲೆ ಉದುರಿತು. ಅತ್ತೆ ಬೇಡ ಎನ್ನಲಿಲ್ಲ. ಭುಜ ಕೊಟ್ಟು ನೂಕಿದಾಗ ಬಾಗಿಲು ಕಿರುಗುಟ್ಟಿ ಒಂದು ಕೈ ಹೋಗುವಷ್ಟು ಬಿಟ್ಟುಕೊಂಡಿತು. ಅದಕ್ಕಿಂತ ಹೆಚ್ಚು ಬರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತಿಗೆ. ದನಿ ಹುಡುಗಿಯರ ದನಿಯ ಹಾಗಿತ್ತು.

"ಇವತ್ತು ಕ್ಲಾಸಲ್ಲಿ ನಮ್ಮ ಮನೆ ಕಥೆನೇ ಹೇಳಿಬಿಟ್ಟೆ ಕಣೆ. ಒಂದು ದೀರ್ಘ ತಪ್ಪಾಗಿ ಕೇಳಿಸ್ಕೊಂಡರೆ ಬಾಣ ಎಲ್ಲಿಗೆ ತಿರುಗುತ್ತೆ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಅಪ್ಪನ ಮೇಲೆ ಬೇಜಾರೇ ಇಲ್ಲ ನೋಡು, ಪಾಪ, ಅವರು ನನ್ನ ತಡೆದೇ ಇರಲಿಲ್ಲ. ಅವರು ಹೇಳಿದ್ದು ಗಿಡ್ಡಾನೇ ತಾನೆ?"

ಅತ್ತೆ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ಕಿಟಕಿಯ ಸಂದಿಯಿಂದ ಬಂದ ಗಾಳಿಗೆ ಅವರ ಹಣೆಯ ಮೇಲಿನ ಬಿಳಿಕೂದಲು ಅಲ್ಲಾಡುತ್ತಿತ್ತು.

"ಹುಂ" ಅಂದೆ. ಎಳೆಯಲಿಲ್ಲ.